ಅವ್ವನ ಎಲುಬು ಇದ್ದ ಕಾಲು

"ಇದು ಬಿತ್ತು ಸರ್. ತೊಳೆದು ಇಟ್ಟೀನಿ. ಮತ್ತೆ ಅಲ್ಲೇ ಇಡಾಕೆ ಬರುತ್ತಾ?"

ಸೆರಗಿನ ಗಂಟು ಬಿಚ್ಚಿ ಆಕೆ ನನ್ನ ಮೇಜಿನ ಮೇಲಿಟ್ಟದ್ದು ಒಂದು ಎಲುಬಿನ ಚೂರು. ಕಿರುಬೆರಳಿನ ಉದ್ದ, ಸುತ್ತ ಹುಳು ತಿಂದ ಹಾಗೆ ತೂತುತೂತು. ಕಂಕುಳಲ್ಲಿ ಏಳೆಂಟು ವರ್ಷದ ಮಗಳಿದ್ದಳು. ಆ ವಯಸ್ಸಿನ ಮಗುವನ್ನು ಯಾರೂ ಕಂಕುಳಲ್ಲಿ ಹೊತ್ತು ತಿರುಗುವುದಿಲ್ಲ. ಎಡಗಾಲಿಗೆ ಸುತ್ತಿದ್ದ ಬಟ್ಟೆಯಿಂದ ಕೀವಿನ ವಾಸನೆ ಕೋಣೆಯನ್ನೆಲ್ಲ ತುಂಬಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಚನ್ನಗಿರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು. ವಾರಕ್ಕೊಮ್ಮೆ ಹೊನ್ನಾಳಿಗೆ, ಇನ್ನೊಮ್ಮೆ ನ್ಯಾಮತಿಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದೆ. ಇವರು ಸಿಕ್ಕಿದ್ದು ಹೊನ್ನಾಳಿಯಲ್ಲಿ. ಊರು ಸಾಸ್ವೆಹಳ್ಳಿಯ ಹತ್ತಿರ. ಹುಡುಗಿಯ ಅಪ್ಪ ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು. ತಾಯಿಯ ತವರು ಜಗಳೂರಿನ ಕಡೆ.

ಕುಂಟೆಬಿಲ್ಲೆ ಆಡುವಾಗ ಹುಡುಗಿ ಬಿದ್ದಿದ್ದಳು. ಗಾಯವೇನೂ ಕಾಣಲಿಲ್ಲ. ಮರುದಿನ ಜ್ವರ, ಮೂರನೆಯ ದಿನಕ್ಕೆ ಕಾಲು ಬೂದುಗುಂಬಳದ ಹಾಗೆ ಊತ. ಎಣ್ಣೆ ತಿಕ್ಕಿದರು, ಸೊಪ್ಪು ಕಟ್ಟಿದರು. ಕೀವು ತಾನೇ ದಾರಿ ಮಾಡಿಕೊಂಡು ಹೊರಗೆ ಬಂತು, ಆಮೇಲೆ ಎಲುಬೇ ಚೂರುಚೂರಾಗಿ ಬರತೊಡಗಿತು. ರಕ್ತದಲ್ಲಿ ಓಡಾಡುವ ಕ್ರಿಮಿ ಪೆಟ್ಟು ಬಿದ್ದ ಎಲುಬಿನಲ್ಲಿ ಮನೆ ಮಾಡಿ ಒಳಗಿಂದಲೇ ಅದನ್ನು ಸಾಯಿಸುವ ಕಾಯಿಲೆ ಇದು. ಆ ಕಾಲದಲ್ಲಿ ತಿಂಗಳಿಗೆ ಒಂದಾದರೂ ಬರುತ್ತಿತ್ತು.

"ಸತ್ತ ಎಲುಬು ಇದು, ಮತ್ತೆ ಇಡೋಕೆ ಬರಲ್ಲಮ್ಮ," ಎಂದೆ.

"ಸತ್ರೂ ನನ್ ಮಗಳದ್ದೇ ಅಲ್ಲೇನ್ರಿ," ಎಂದು ಆಕೆ ಚೂರನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇದು ಅದಕ್ಕಿಂತ ಒಂದು ಕೈ ಮೇಲೆ ಅಂದುಕೊಂಡೆ.

ಚನ್ನಗಿರಿಗೆ ಕರೆಸಿಕೊಂಡೆ. ಮೊದಲ ಕೆಲಸ ಕಾಲನ್ನು ತೆರೆದು ಉಳಿದ ಸತ್ತ ಎಲುಬನ್ನೆಲ್ಲ ತೆಗೆಯುವುದು. ಸತ್ತದ್ದಕ್ಕೂ ಬದುಕಿದ್ದಕ್ಕೂ ವ್ಯತ್ಯಾಸ ಸುಲಭ: ಉಳಿಯಿಂದ ಕೆರೆದಾಗ ಬದುಕಿದ ಎಲುಬಿನಲ್ಲಿ ರಕ್ತ ಜಿನುಗುತ್ತದೆ, ಸತ್ತದ್ದು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಒಣಗಿರುತ್ತದೆ. ರಕ್ತ ಕಾಣುವ ತನಕ ಕೆರೆಯುತ್ತ ಹೋದೆ. ನಿಲ್ಲಿಸುವ ಹೊತ್ತಿಗೆ ಮೊಣಕಾಲಿನ ಕೆಳಗಿನ ದಪ್ಪ ಎಲುಬಿನಲ್ಲಿ ನಾಲ್ಕು ಬೆರಳಗಲ ಜಾಗ ಖಾಲಿಯಾಗಿತ್ತು. ಮಕ್ಕಳಲ್ಲಿ ಎಲುಬಿನ ಮೇಲಿನ ಪೊರೆ ಉಳಿದಿದ್ದರೆ ಅದೇ ಹೊಸ ಎಲುಬು ಹುಟ್ಟಿಸುತ್ತದೆ, ನಾವು ಸುಮ್ಮನೆ ಕಾದರೆ ಸಾಕು. ಇವಳಲ್ಲಿ ಕೀವು ಪೊರೆಯನ್ನೂ ತಿಂದುಹಾಕಿತ್ತು. ಪಕ್ಕದ ತೆಳು ಎಲುಬಿಗೂ ಕಾಯಿಲೆ ಹತ್ತಿತ್ತು. ಕಾಲೆತ್ತಿ ಹಿಡಿದರೆ ನಡುವೆ ಒದ್ದೆ ಟವೆಲಿನಂತೆ ಜೋತು ಬೀಳುತ್ತಿತ್ತು.

ಗಾಯ ಒಣಗಲು ಕಾದೆವು. ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್, ಅದರಲ್ಲಿ ಗಾಯದ ಮೇಲೆ ಕತ್ತರಿಸಿದ ಒಂದು ಕಿಟಕಿ, ಕಿಟಕಿಯೊಳಗೆ ದಿನಾ ತೊಳೆಯುವುದು. ಪ್ಲಾಸ್ಟರಿನ ಬ್ಯಾಂಡೇಜುಗಳನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಜಾಳು ಬಟ್ಟೆಯ ಮೇಲೆ ಪುಡಿ ಹರಡಿ ಸುತ್ತಿ ಡಬ್ಬಿಯಲ್ಲಿ ಇಡಬೇಕು. ತಾಯಿ ಅದನ್ನು ನೋಡಿ ಕಲಿತು ವಾರ್ಡಿನ ಸಿಸ್ಟರಿಗೆ ಸುತ್ತಿ ಕೊಡುತ್ತಿದ್ದಳು. ಸಿಸ್ಟರ್ ಸುಮ್ಮನೆ ಹೊಗಳುವ ಹೆಂಗಸಲ್ಲ, ಆಕೆಯೇ "ಇವಳ ಸುರುಳಿ ನಮ್ಮವರದಕ್ಕಿಂತ ಬಿಗಿ ಸರ್" ಅನ್ನುತ್ತಿದ್ದರು.

ಗಾಯ ಒಣಗಿದ ಮೇಲೆ ಹುಡುಗಿಯ ಸೊಂಟದ ಎಲುಬಿನ ಅಂಚಿನಿಂದ ಸಣ್ಣ ಸಣ್ಣ ಚಕ್ಕೆ ತೆಗೆದು ಖಾಲಿ ಜಾಗದಲ್ಲಿ ತುಂಬಿದೆ. ಸ್ವಂತ ಎಲುಬಿಗಿಂತ ಒಳ್ಳೆಯದು ಯಾವುದೂ ಇಲ್ಲ, ಇಂದಿಗೂ ಇಲ್ಲ. ಆದರೆ ಅಷ್ಟು ಸಣ್ಣ ಸೊಂಟದಲ್ಲಿ ಎಷ್ಟು ತಾನೇ ಸಿಕ್ಕೀತು? ಎರಡು ವಾರ ಚೆನ್ನಾಗಿತ್ತು. ಆಮೇಲೆ ಜ್ವರ ಬಂತು, ಕಿಟಕಿಯಲ್ಲಿ ಕೀವು ಬಂತು, ಮುಂದಿನ ಎಕ್ಸ್‌ರೇಯಲ್ಲಿ ನಾನು ತುಂಬಿದ ಚಕ್ಕೆಗಳು ನೀರಿಗೆ ಬಿದ್ದ ಉಪ್ಪಿನಂತೆ ಕರಗಿದ್ದವು. ಮತ್ತೆ ತೆರೆದು ತೊಳೆದೆವು. ಕೀವು ನಿಂತಿತು. ಖಾಲಿ ಜಾಗ ಹಾಗೇ ಉಳಿಯಿತು.

ಈಗ ಮುಂದಿದ್ದ ದಾರಿ ಎರಡೇ. ಮೊಣಕಾಲಿನ ಕೆಳಗೆ ಕತ್ತರಿಸಿ ಕೃತಕ ಕಾಲು ಹಾಕುವುದು ಒಂದು. ಎಲುಬನ್ನು ಬೇರೆಲ್ಲಿಂದಲಾದರೂ ತರುವುದು ಇನ್ನೊಂದು. ದೊಡ್ಡ ಊರುಗಳಲ್ಲಿ ಎಲುಬನ್ನು ಆಮ್ಲದಲ್ಲಿ ನೆನೆಸಿ ಸುಣ್ಣದಂಶ ತೆಗೆದು ಬಳಸುತ್ತಾರೆ ಎಂದು ಓದಿದ್ದೆ. ಯಾವುದೋ ದೂರದ ದೇಶದಲ್ಲಿ ಕಾಲಿಗೆ ಉಕ್ಕಿನ ಬಳೆಗಳನ್ನು ತೊಡಿಸಿ ಇದ್ದ ಎಲುಬನ್ನೇ ನಿಧಾನವಾಗಿ ಎಳೆದು ಬೆಳೆಸುತ್ತಾರಂತೆ ಅನ್ನುವ ಸುದ್ದಿ ನಮ್ಮವರೆಗೆ ಬರೀ ಗಾಳಿಮಾತಾಗಿ ಬಂದಿತ್ತು. ನನಗೆ ಕಲಿಸಿದ ಗುರುಗಳಿಗೆ ಫೋನ್ ಮಾಡಿ ಕೇಳಿದೆ. "ಕತ್ತರಿಸಿದರೆ ತಪ್ಪೇನಿಲ್ಲ, ಕತ್ತರಿಸದಿದ್ದರೂ ತಪ್ಪಿಲ್ಲ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಫೋನ್ ಇಡುವ ಮುಂಚೆ, "ತಾಯಿ ತಂದೆ ಇದ್ದಾರಲ್ಲ. ಅವರ ಸೊಂಟದ ಎಲುಬು ಯಾಕೆ ನೋಡಬಾರದು? ಹಿಂದೆ ಮಾಡಿದವರಿದ್ದಾರೆ," ಎಂದರು.

ಅಪ್ಪನನ್ನೂ ಅವ್ವನನ್ನೂ ಕೂರಿಸಿಕೊಂಡು ಹೇಳಿದೆ. ಅಪ್ಪ ಕೇಳಿದ ಕೂಡಲೇ "ನಂದು ತಗೊಳ್ರಿ" ಅಂದ. ಹೆಂಡತಿ ಅವನ ಮಾತನ್ನು ಅರ್ಧಕ್ಕೇ ತುಂಡರಿಸಿದಳು.

"ಇವ್ರು ಮೂಟೆ ಹೊರೋರು ಸರ್. ಸೊಂಟ ಹೋದ್ರೆ ಏನು ಮಾಡಾಕೆ ಆಗುತ್ತೆ? ನಂದೇ ಆಗ್ಲಿ."

"ನೋಡಮ್ಮ, ಒಂದು ಮಾತು ತಿಳ್ಕೊ. ನಿನ್ನ ಎಲುಬು ಅವಳ ಕಾಲಲ್ಲಿ ಬದುಕೋದಿಲ್ಲ. ಅವರೆಬಳ್ಳಿಗೆ ಒಣ ಕೋಲು ಊರ್ತೀವಲ್ಲ, ಹಾಗೆ. ಕೋಲು ಒಣಗಿದ್ದೇ, ಬಳ್ಳಿ ಮಾತ್ರ ಹಸಿ. ಅವಳ ಎಲುಬು ನಿನ್ನದರ ಮೇಲೆ ಹಬ್ಬಿಕೊಂಡು ಬೆಳೀಬೇಕು. ಬೆಳೀತಾ ಬೆಳೀತಾ ನಿನ್ನದನ್ನ ಕರಗಿಸಿಬಿಡುತ್ತೆ. ಕೊನೆಗೆ ಅಲ್ಲಿ ನಿಂದು ಏನೂ ಉಳಿಯೋದಿಲ್ಲ. ಅವಳ ಮೈ ಒಪ್ಪದೇ ಹೋದರೆ ಮೊದಲೇ ಕರಗಿಹೋಗಬಹುದು, ಅದೂ ಇದೆ."

ಆಕೆ ತಲೆಯಾಡಿಸುತ್ತ ಕೇಳಿದಳು. "ಒಣ ಕೋಲು ಅಂತೀರಿ. ಜೀವ ಇರೋ ಮೈಯಿಂದ ತೆಗ್ದು ಜೀವ ಇರೋ ಮೈಗೆ ಇಡ್ತೀರಿ. ನಡುವೆ ಎಲ್ಲಿ ಸಾಯ್ತೈತಿ ಸರ್ ಅದು?" ಎಂದಳು. ನಾನು ಇನ್ನೊಮ್ಮೆ ವಿವರಿಸಿದೆ. ಆಕೆ ಇನ್ನೊಮ್ಮೆ ತಲೆಯಾಡಿಸಿದಳು. ಒಪ್ಪಿದ್ದಾಳೆ ಅಂದುಕೊಂಡೆ. ಶಸ್ತ್ರಕ್ರಿಯೆಗಂತೂ ಒಪ್ಪಿದ್ದಳು.

ಅರಿವಳಿಕೆಯ ಡಾಕ್ಟರು ದಾವಣಗೆರೆಯಿಂದ ಬಂದ ದಿನ ಎರಡೂ ಶಸ್ತ್ರಕ್ರಿಯೆ ಇಟ್ಟುಕೊಂಡೆವು. ಮೊದಲು ತಾಯಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಎಚ್ಚರವಿದ್ದಳು. ಎಡಸೊಂಟದ ಅಂಚಿನ ಮೇಲೆ ಕೊಯ್ದು ಮಾಂಸ ಸರಿಸಿ ಉಳಿ ಇಟ್ಟು ಸುತ್ತಿಗೆಯಿಂದ ಬಡಿಯತೊಡಗಿದೆ. ಎಡ ಯಾಕೆಂದರೆ ಆಕೆಯೇ ಕೇಳಿದ್ದಳು: ಮಗಳದ್ದು ಎಡಗಾಲು, ನಂದೂ ಎಡಗಡೆಯದೇ ಆಗಲಿ ಎಂದು. ನನಗೆ ಎರಡೂ ಒಂದೇ, ಹೂಂ ಅಂದಿದ್ದೆ.

"ಬಡಗೇರ ಕೆಲ್ಸ ನಡ್ಸೀರಲ್ರಿ," ಎಂದಳು ಪರದೆಯ ಆಚೆಯಿಂದ.

"ನೋವಾಗ್ತಿದೆಯಾ?"

"ಇಲ್ರಿ, ಸಪ್ಪಳ ಕೇಳ್ತೈತಿ ಅಷ್ಟೆ. ಎಷ್ಟು ತೆಗೆದ್ರಿ?"

"ಬೇಕಾದಷ್ಟು ಸಿಕ್ತು."

"ಮೇಲಿಷ್ಟು ಕೊಸರು ತಗೊಳ್ರಿ ಸರ್. ಮತ್ತೆ ಕಡಿಮೆ ಬಿತ್ತು ಅನ್ನಬ್ಯಾಡ್ರಿ."

ಸಂತೆಯಲ್ಲಿ ತರಕಾರಿ ಮಾರುವವರ ಹತ್ತಿರ ಕೇಳುವ ಕೊಸರು ಅದು. ಸಿಸ್ಟರ್ ಮುಖಗವಸಿನೊಳಗೇ ನಕ್ಕರು. ನಾನು ನಿಜವಾಗಿಯೂ ಇನ್ನೊಂದು ಪಟ್ಟಿ ತೆಗೆದೆ. ತೆಗೆದ ಎಲುಬನ್ನು ಆಕೆಯ ರಕ್ತದಲ್ಲೇ ನೆನೆದ ಬಟ್ಟೆಯಲ್ಲಿ ಸುತ್ತಿಟ್ಟು ಹೊಲಿಗೆ ಹಾಕಿ, ಮಗಳನ್ನು ಮೇಜಿಗೆ ತಂದೆವು. ಉದ್ದನೆಯ ಪಟ್ಟಿಯ ಎರಡು ತುದಿಗಳನ್ನು ಹುಡುಗಿಯ ಎಲುಬಿನ ಮೇಲಿನ, ಕೆಳಗಿನ ತುದಿಗಳಲ್ಲಿ ತೋಡು ಕೊರೆದು ಸಿಕ್ಕಿಸಿದೆ. ತೆಳು ಉಕ್ಕಿನ ತಂತಿಯೊಂದರಿಂದ ಪೋಣಿಸಿದೆ. ಸುತ್ತ ಉಳಿದ ಚಕ್ಕೆಗಳನ್ನು, ಅವುಗಳ ನಡುವೆ ಹುಡುಗಿಯ ಸೊಂಟದ ಇನ್ನೊಂದು ಬದಿಯಿಂದ ತೆಗೆದ ಸ್ವಲ್ಪ ಹಸಿ ಎಲುಬನ್ನು ಒತ್ತಿ ತುಂಬಿದೆ. ಹೆಪ್ಪು ಹಾಕಿದ ಹಾಗೆ ಅದು. ತಾಯಿಯದು ಎಷ್ಟಿದ್ದರೂ ಮಗಳದ್ದೊಂದಿಷ್ಟು ಬೆರೆಯದೆ ಏನೂ ಕಟ್ಟುವುದಿಲ್ಲ. ಗಾಯ ಮುಚ್ಚಿ ಪ್ಲಾಸ್ಟರ್ ಹಾಕಿದೆವು. ಆ ಸಂಜೆ ನನಗೆ ಎಷ್ಟು ಖುಷಿಯಾಗಿತ್ತೆಂದರೆ ಮನೆಗೆ ಹೋಗುವ ದಾರಿಯಲ್ಲಿ ಯಾರೂ ಕೇಳದಿದ್ದರೂ ಅಂಗಡಿಯವನಿಗೆ ಇದನ್ನೆಲ್ಲ ವಿವರಿಸಿದ್ದೆ.

ಹೆಂಗಸರ ವಾರ್ಡಿನಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚ. ಮಗಳಿಗೆ ನಾನು ಹೇಳಿದ್ದು ಒಂದೇ ಮಾತು: ಅಲುಗಾಡಬಾರದು. ಸೇರಿಸಿದ ಎಲುಬು ಕೂದಲೆಳೆಯಷ್ಟು ಅಲುಗಿದರೂ ಬಳ್ಳಿ ಹಬ್ಬುವುದಿಲ್ಲ. ತಾಯಿಗೆ ಹೇಳಿದ್ದು ಇದಕ್ಕೆ ಪೂರ್ತಿ ವಿರುದ್ಧ: ಮರುದಿನವೇ ಎದ್ದು ನಿಲ್ಲಬೇಕು, ಅದರ ಮರುದಿನದಿಂದ ಓಡಾಡಬೇಕು. ನಾನು ರೌಂಡ್ಸಿಗೆ ಬಂದಾಗ ಆಕೆ ಎದ್ದು ಮಂಚ ಹಿಡಿದುಕೊಂಡು ಬಾಗಿಲವರೆಗೆ ಕುಂಟುತ್ತ ಹೋಗಿ ಬರುತ್ತಿದ್ದಳು. ಕಾಲು ಸೆಟೆದುಕೊಂಡ ಹಾಗೆ ಇಡುತ್ತಿದ್ದಳು. ಸೊಂಟದ ನೋವಿಗೆ ಎಲ್ಲರೂ ಹಾಗೇ ಇಡುತ್ತಾರೆ. "ಇನ್ನೂ ಜಾಸ್ತಿ ಅಡ್ಡಾಡು," ಎಂದರೆ "ಆತ್ರಿ" ಅನ್ನುತ್ತಿದ್ದಳು. ಹೊಲಿಗೆ ಬಿಚ್ಚಿದೆವು. ಗಾಯ ಗೆರೆಯ ಹಾಗೆ ಕೂಡಿತ್ತು. ಮಗಳಿಗೂ ಜ್ವರವಿಲ್ಲ, ಕೀವಿಲ್ಲ.

ಒಂದು ಬೆಳಿಗ್ಗೆ ವಾರ್ಡಿಗೆ ಹಾಲು ಹಂಚುವ ಹೊತ್ತು. ಆಕೆ ಬಚ್ಚಲಿಗೆ ಹೋಗಲೆಂದು ಎದ್ದವಳು ಎದೆ ಹಿಡಿದುಕೊಂಡು ಅಲ್ಲೇ ಕುಸಿದಳು. ನಾನು ಹೊರರೋಗಿಗಳ ಕೋಣೆಯಿಂದ ಓಡಿ ಬರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಎದೆ ಒತ್ತಿದೆವು, ಆಮ್ಲಜನಕ ಕೊಟ್ಟೆವು, ಇದ್ದ ಇಂಜೆಕ್ಷನ್ನುಗಳನ್ನೆಲ್ಲ ಕೊಟ್ಟೆವು. ನಮ್ಮ ಕೈಯಲ್ಲಿದ್ದದ್ದು ಅಷ್ಟೇ. ಆಕೆ ಉಳಿಯಲಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ಶ್ವಾಸಕೋಶಕ್ಕೆ ಅಡ್ಡ ನಿಂತರೆ ಹೀಗಾಗುತ್ತದೆ. ಆದರೆ ಓಡಾಡಿಕೊಂಡಿದ್ದ, ಮೂವತ್ತೂ ತುಂಬದ ಹೆಂಗಸಿಗೆ ಅದು ಯಾಕೆ ಬರಬೇಕು ಎಂದು ನನಗೆ ಅರ್ಥವೇ ಆಗಲಿಲ್ಲ.

ಅರ್ಥವಾದದ್ದು ಸಿಸ್ಟರ್ ಕರೆದು ತೋರಿಸಿದಾಗ. ಸೀರೆ ಸರಿಪಡಿಸಲು ಹೋದ ಅವರು ಆಕೆಯ ಎಡಗಾಲಿನಲ್ಲಿ ಕಂಡದ್ದು ಎರಡು ಬಿದಿರಿನ ದಬ್ಬೆ. ತೊಡೆಯಿಂದ ಮೀನಖಂಡದವರೆಗೆ, ಹಳೆಯ ಸೀರೆಯ ಪಟ್ಟಿಗಳಿಂದ ಬಿಗಿಯಾಗಿ ಸುತ್ತಿ ಕಟ್ಟಿತ್ತು. ನಮ್ಮ ಪ್ಲಾಸ್ಟರಿನ ಸುರುಳಿ ಸುತ್ತಿದ ಕೈಯ ಬಿಗಿ ಅದು. ಕೆಳಗಿನ ಕಾಲು ಬಾತುಕೊಂಡಿತ್ತು. ಅಲುಗದೆ ಬಿಗಿದಿಟ್ಟ ಕಾಲಿನಲ್ಲೇ ರಕ್ತ ಹೀಗೆ ಹೆಪ್ಪುಗಟ್ಟುವುದು.

"ಎಷ್ಟು ದಿನದಿಂದ?" ಎಂದು ಎದುರು ಮಂಚದ ಮುದುಕಿಯನ್ನು ಕೇಳಿದೆ.

"ಮೊದ್ಲಿಂದನೂ ಸರ್. ನೀವು ಬರೋ ಹೊತ್ತಿಗೆ ಎದ್ದು ನಾಕು ಹೆಜ್ಜೆ ಹಾಕೋದು, ನೀವು ಹೋದ ಕೂಡ್ಲೆ ಕಾಲು ನೀಡಿ ಮಲಗೋದು. ನಾವೂ ಬೈದ್ವಿ. 'ನನ್ನ ಎಲುಬು ಅವಳ ಕಾಲಾಗೈತೆ ಅಮ್ಮ. ನಾನು ಕುಣಿದ್ರೆ ಅದು ಸುಮ್ನಿರುತ್ತಾ?' ಅನ್ನೋಳು."

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಸತ್ತವಳ ಮೇಲೆ ಸಿಟ್ಟು. ಇಷ್ಟು ಸಲ ಹೇಳಿದೆನಲ್ಲ, ಒಣ ಕೋಲು ಅಂದೆನಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ಎಂದು ಗೋಡೆಗೆ ಮುಖ ಮಾಡಿ ನಿಂತು ಗೊಣಗಿದೆ. ಸಿಸ್ಟರ್ ಆ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಗಂಟುಗಳು ಬಿಚ್ಚಲು ಬರಲಿಲ್ಲ. ಕತ್ತರಿ ತಂದುಕೊಟ್ಟೆ. ಸೆರಗಿನ ತುದಿಯಲ್ಲಿ ಇನ್ನೊಂದು ಗಂಟು ಇತ್ತು, ಅದರೊಳಗೆ ಆ ಸತ್ತ ಎಲುಬಿನ ಚೂರು. ಅದನ್ನು ಬಿಚ್ಚಬೇಡಿ ಎಂದೆ. ಸಿಟ್ಟು ಅಲ್ಲಿಗೆ ಮುಗಿಯಿತು, ಆಮೇಲೆ ಅಳು ಬಂತು.

ಹುಡುಗಿಯನ್ನು ಊರಿಗೆ, ಅವ್ವನ ಮಣ್ಣಿಗೆ ಕರೆದೊಯ್ಯಬೇಕೆಂದು ಅಪ್ಪ ಕೇಳಿದ. ಆ ರಸ್ತೆಯಲ್ಲಿ ಗಾಡಿ ಕುಲುಕಿದರೆ ಪ್ಲಾಸ್ಟರಿನೊಳಗೂ ಎಲುಬು ಅಲುಗುತ್ತದೆ. ಆಗುವುದಿಲ್ಲ ಎಂದೆ. ಅವನು ವಾದಿಸಲಿಲ್ಲ. "ಇವಳವ್ವ ಇದ್ದಿದ್ರೂ ಬ್ಯಾಡ ಅಂತಿದ್ಲು ಬಿಡ್ರಿ," ಎಂದ. ಅದರ ಬದಲು ದೇಹವನ್ನು ಆಸ್ಪತ್ರೆಯ ಅಂಗಳದ ಬೇವಿನ ಮರದಡಿ ಇಟ್ಟು, ಹುಡುಗಿಯನ್ನು ಮಂಚ ಸಮೇತ ನಾಲ್ಕು ಜನ ಎತ್ತಿ ವರಾಂಡಕ್ಕೆ ತಂದೆವು. ಮಂಚದ ಒಂದು ಕಾಲು ನಾನೇ ಹಿಡಿದಿದ್ದೆ. ಹಣೆಯ ತುಂಬ ವಿಭೂತಿ ಬಳಿದಿದ್ದ ಅವ್ವನ ಮುಖವನ್ನು ಹುಡುಗಿ ನೋಡಿದಳು. ಜನರೆಲ್ಲ ಅಳುತ್ತಿದ್ದರೂ ಅವಳು ಅಳಲಿಲ್ಲ, ಅಲುಗಾಡಲಿಲ್ಲ. ಅಷ್ಟು ಸಣ್ಣ ಮಗು ಅಷ್ಟು ಹೊತ್ತು ಮಿಸುಕದೆ ಮಲಗಿದ್ದನ್ನು ನಾನು ಕಂಡಿಲ್ಲ.

ಹುಡುಗಿಯನ್ನು ನೋಡಿಕೊಳ್ಳಲು ಜಗಳೂರಿನ ಕಡೆಯಿಂದ ಅವಳ ಅಜ್ಜಿ, ತಾಯಿಯ ತಾಯಿ, ಬಂದಳು. ಗಟ್ಟಿ ಹೆಂಗಸು, ಮಾತು ಕಡಿಮೆ. ಕೆಲವು ವಾರ ವಾರ್ಡಿನಲ್ಲೇ ಇದ್ದು, ಆಮೇಲೆ ಮೊಮ್ಮಗಳನ್ನು ತನ್ನೂರಿಗೆ ಒಯ್ದಳು. ಪ್ಲಾಸ್ಟರ್ ಬದಲಿಸಬೇಕಾದಾಗಲೆಲ್ಲ ಎರಡು ಬಸ್ ಹಿಡಿದು ಬರುತ್ತಿದ್ದಳು. ಬಂದಾಗ ಒಂದು ಎಕ್ಸ್‌ರೇ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಜ್ಜಿ ಮೊಮ್ಮಗಳು ಇಬ್ಬರೂ ಕುತ್ತಿಗೆ ಚಾಚುತ್ತಿದ್ದರು.

"ಅವ್ವಂದು ಯಾವುದು?" ಹುಡುಗಿ ಕೇಳುತ್ತಿದ್ದಳು.

ಮೊದಲ ಫಿಲ್ಮಿನಲ್ಲಿ ಅದು ಕುರುಡನಿಗೂ ಕಾಣುವಂತಿತ್ತು. ಮಸುಕಾದ ಎರಡು ತುದಿಗಳ ನಡುವೆ ಗಾಢ ಬಿಳಿಯ ಪಟ್ಟಿ. ಬೆರಳಿಟ್ಟು ತೋರಿಸಿದೆ. ಅಜ್ಜಿ ಫಿಲ್ಮಿನ ಆ ಜಾಗವನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. ಮುಂದಿನ ಸಲ ಪಟ್ಟಿಯ ಅಂಚು ಸವೆದಿತ್ತು, ಸುತ್ತ ಹೊಸ ಎಲುಬು ಮೋಡದ ಹಾಗೆ ಹಬ್ಬತೊಡಗಿತ್ತು. ನನಗದು ಹಬ್ಬ. ಅದರ ಮುಂದಿನ ಸಲ ಮೋಡ ಗಟ್ಟಿಯಾಗಿತ್ತು, ಪಟ್ಟಿ ತೆಳ್ಳಗಾಗಿತ್ತು. "ಅವ್ವಂದು ಸಣ್ಣಗಾಗೈತೆ," ಎಂದಳು ಹುಡುಗಿ. ಹೌದು, ಹಾಗೇ ಆಗಬೇಕು ಎಂದೆ. ಅಜ್ಜಿ ನನ್ನ ಕಡೆ ನೋಡಿದ ನೋಟ ಚೆನ್ನಾಗಿರಲಿಲ್ಲ.

ಎಲುಬು ಕೂಡಿತು. ಪ್ಲಾಸ್ಟರ್ ತೆಗೆದು, ಕಬ್ಬಿಣದ ಸರಳು ಚರ್ಮದ ಪಟ್ಟಿಯ ಆಸರೆ ಮಾಡಿಸಿ ಹಾಕಿ, ಇನ್ನು ಕಾಲೂರು ಎಂದೆ. ಇಲ್ಲಿಂದ ಮುಂದಿನ ಕೆಲಸ ಡಾಕ್ಟರದ್ದಲ್ಲ, ಕಾಲಿನದು. ಎಲುಬು ಭಾರ ಹೊತ್ತಷ್ಟೂ ಗಟ್ಟಿಯಾಗುತ್ತದೆ, ಹೊರದಿದ್ದರೆ ಬಂದ ಸುಣ್ಣವೂ ವಾಪಸ್ ಹೋಗುತ್ತದೆ. ಹುಡುಗಿ ಕಾಲೂರಲಿಲ್ಲ. ಹಿಡಿದು ನಿಲ್ಲಿಸಿದರೆ ಎಡಗಾಲನ್ನು ಕೊಕ್ಕರೆಯ ಹಾಗೆ ಎತ್ತಿಕೊಳ್ಳುತ್ತಿದ್ದಳು. ನೋವಾ ಎಂದರೆ ಇಲ್ಲ. ಹೆದರಿಕೆಯಾ ಎಂದರೆ ಇಲ್ಲ. ಗದರಿದೆ, ಪೆಪ್ಪರಮಿಂಟು ಕೊಟ್ಟೆ, ಮತ್ತೆ ಗದರಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಜ್ಜಿ ಅವಳನ್ನು ಕಂಕುಳಲ್ಲಿ ಹೊತ್ತುಕೊಂಡೇ ಬರುತ್ತಿದ್ದಳು, ಹೊತ್ತುಕೊಂಡೇ ಹೋಗುತ್ತಿದ್ದಳು. ಮುಂದಿನ ಫಿಲ್ಮಿನಲ್ಲಿ ಹೊಸ ಎಲುಬು ಮಸುಕಾಗಿತ್ತು. ಹೀಗೇ ಇನ್ನೊಂದಿಷ್ಟು ತಿಂಗಳಾದರೆ ಅದು ಹಪ್ಪಳದ ಹಾಗೆ ಮುರಿಯುತ್ತದೆ. ಮತ್ತೆ ಕೂಡಿಸಲು ಇನ್ನೊಬ್ಬ ತಾಯಿಯನ್ನು ನಾನೆಲ್ಲಿಂದ ತರಲಿ?

ಕಾರಣ ತಿಳಿದುಕೊಂಡದ್ದು ಸಿಸ್ಟರ್. ಆಸರೆಯ ಪಟ್ಟಿ ಬಿಗಿಯುತ್ತ, ತನಗೆ ಯಾವ ಉತ್ತರವೂ ಬೇಕಿಲ್ಲ ಅನ್ನುವ ಹಾಗೆ ಕೇಳಿದರಂತೆ. ನನ್ನ ಹತ್ತಿರ ಬಂದು ಹೇಳುವಾಗ ಅವರ ದನಿ ಸರಿಯಿರಲಿಲ್ಲ.

"ಕಾಲೂರಿದ್ರೆ ಅವ್ವನ ಮೇಲೆ ಭಾರ ಬೀಳುತ್ತಂತೆ ಸರ್. ಇದು ಅಲುಗಿದ್ರೆ ಅವ್ವಂಗೆ ಅಲ್ಲಿ ಮಣ್ಣಾಗೆ ನೋವಾಗುತ್ತಂತೆ. ಅವ್ವ ಇವಳಿಗೋಸ್ಕರ ಅಲುಗಾಡದೆ ಮಲಗಿದ್ಲಲ್ಲ, ಈಗ ಇವಳ ಪಾಳಿಯಂತೆ."

ಅವ್ವ ಸತ್ತ ದಿನ ವರಾಂಡದಲ್ಲಿ ಮಿಸುಕದೆ ಮಲಗಿದ್ದ ಹುಡುಗಿ ನನ್ನ ಕಣ್ಣ ಮುಂದೆ ಬಂದಳು.

ಅವತ್ತು ಬೆಳಿಗ್ಗೆ ತೆಗೆದ ಫಿಲ್ಮು ಇನ್ನೂ ಒದ್ದೆಯಾಗಿ ಕ್ಲಿಪ್ಪಿನಲ್ಲಿ ನೇತಾಡುತ್ತಿತ್ತು. ಅದರಲ್ಲಿ ತಾಯಿಯ ಪಟ್ಟಿ ಇರಲಿಲ್ಲ. ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಒಂದೇ ಎಲುಬು, ಮಸುಕಾಗಿದ್ದರೂ ಒಂದೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳೆಯದರ ಚೂರುಪಾರು ಇನ್ನೂ ಸಿಕ್ಕೀತು, ಅದು ವರ್ಷಗಟ್ಟಲೆ ಉಳಿಯಬಹುದು. ಕಣ್ಣಿಗಂತೂ ಇರಲಿಲ್ಲ. ಹೇಳಿಬಿಡಬೇಕು ಅಂದುಕೊಂಡೆ. ಮೊದಲು ಅಜ್ಜಿಯನ್ನು ಪಕ್ಕಕ್ಕೆ ಕರೆದು ತಿಳಿಸಿದೆ. ಆಕೆ ನನ್ನ ಮುಂದೆ ಕೈ ಮುಗಿದಳು.

"ಬ್ಯಾಡ್ರಿ ಸರ್. ಮಗಳದ್ದು ಅಷ್ಟಾದ್ರೂ ಭೂಮಿ ಮ್ಯಾಲೆ ಐತಲ್ಲ ಅಂತ ನಾನು ಆ ಕಾಲು ಸವರ್ಕೊಂಡು ಕುಂತೀನಿ. ಊರಾಗೆ ಬಂದೋರಿಗೆಲ್ಲ ತೋರಿಸ್ತೀನಿ, ಇಲ್ಲೈತೆ ನನ್ ಮಗಳು ಅಂತ. ಅದನ್ನೂ ಕಿತ್ಕೊಂಡು ಬಿಡ್ತೀರಾ?"

"ಕಿತ್ಕೊಳ್ಳದಿದ್ರೆ ಇವಳು ನಡೆಯೋದಿಲ್ಲ ತಾಯಿ. ನಡೆಯದಿದ್ರೆ ಈ ಕಾಲು ಉಳಿಯೋದಿಲ್ಲ. ಕತ್ತರಿಸಬೇಕಾದೀತು. ಅವಳು ಎಲುಬು ಕೊಟ್ಟದ್ದು ಅದಕ್ಕಾ?"

ಅಜ್ಜಿ ಸೆರಗಿನ ಅಂಚನ್ನು ಮಡಿಸಿದಳು, ಬಿಚ್ಚಿದಳು. "ಹೇಳ್ರಿ ಹಂಗಾದ್ರೆ," ಎಂದಳು. "ನನ್ ಮುಂದೇನೇ ಹೇಳ್ರಿ. ನಾನೂ ಒಮ್ಮೆ ಕೇಳಿ ಬಿಡ್ತೀನಿ."

ಹುಡುಗಿಯನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಹಳೆಯ ಫಿಲ್ಮುಗಳನ್ನೆಲ್ಲ ತೆಗೆದು ಕಿಟಕಿಯ ಗಾಜಿಗೆ ಒಂದರ ಪಕ್ಕ ಒಂದು ಅಂಟಿಸಿದೆ. ಮೊದಲನೆಯದರಲ್ಲಿ ಅವ್ವಂದು ಇಷ್ಟು. ಎರಡನೆಯದರಲ್ಲಿ ಇಷ್ಟು. ಇದರಲ್ಲಿ ಇಷ್ಟೇ ಇಷ್ಟು, ನೋಡು. ಅವಳೂ ನನ್ನ ಜೊತೆ ಬೆರಳಿಟ್ಟು ಹುಡುಕುತ್ತ ಬಂದಳು. ಕೊನೆಯದು ಒದ್ದೆಯಿತ್ತು, ಅದನ್ನು ಕೈಯಲ್ಲೇ ಹಿಡಿದೆ. ಅವಳ ಬೆರಳು ಫಿಲ್ಮಿನ ಹತ್ತಿರ ಬಂದು ಎಲ್ಲಿಡಬೇಕೆಂದು ಗೊತ್ತಾಗದೆ ನಿಂತಿತು.

"ಇದ್ರಾಗೆ ಎಲ್ಲೈತೆ?"

"ಇಲ್ಲ ಮಗಾ. ಇದರಲ್ಲಿ ಅವ್ವಂದು ಇಲ್ಲ."

"ಸ್ವಲ್ಪನೂ?"

"ಸ್ವಲ್ಪನೂ ಇಲ್ಲ. ಇದೆಲ್ಲ ನಿಂದೇ. ನಿಂದು ಬೆಳೆಯೋವರೆಗೆ ಅವ್ವಂದು ಹಿಡ್ಕೊಂಡಿತ್ತು. ನಿಂದು ಬೆಳೆದ ಮೇಲೆ ಬಿಟ್ಟುಹೋಯ್ತು."

ಅಜ್ಜಿ ಹಿಂದೆ ನಿಂತಿದ್ದಳು. ಅವಳ ಉಸಿರು ಕೇಳುತ್ತಿತ್ತು. ಹುಡುಗಿ ಫಿಲ್ಮನ್ನು ನೋಡಿದಳು, ತನ್ನ ಕಾಲನ್ನು ನೋಡಿದಳು, ಮತ್ತೆ ಫಿಲ್ಮನ್ನು ನೋಡಿದಳು. ಅಳುತ್ತಾಳೆ ಅಂದುಕೊಂಡೆ.

"ಹಂಗಾದ್ರೆ ಇನ್ನ ಅವ್ವ ಅಲುಗಾಡಬೌದು," ಎಂದಳು.

ಉತ್ತರ ಕೊಟ್ಟದ್ದು ಅಜ್ಜಿ. "ಹೂಂ ಮಗಾ," ಎಂದಳು, "ಇನ್ನ ಎಲ್ಲಿಗೆ ಬೇಕಾದ್ರೂ ಹೋಗ್ತಾಳೆ ನಿಮ್ಮವ್ವ." ಅಷ್ಟು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡಳು.

ಹುಡುಗಿ ಸ್ಟೂಲಿನಿಂದ ತಾನೇ ಜಾರಿ ಇಳಿದಳು. ಬಲಗಾಲ ಮೇಲೆ ನಿಂತು ಎಡಗಾಲನ್ನು ನೆಲದ ಹತ್ತಿರ ತಂದಳು. ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ: ಮೊದಲು ಹಿಮ್ಮಡಿ, ಆಮೇಲೆ ಪಾದ. ಹಿಮ್ಮಡಿ ಊರಿದಳು. ಆಸರೆಯ ಕಬ್ಬಿಣ ಕಿರ್ರೆಂದಿತು. ಒಂದು ಹೆಜ್ಜೆ, ನಿಂತಳು, ಇನ್ನೊಂದು ಹೆಜ್ಜೆ. ಗೋಡೆ ಹಿಡಿದುಕೊಂಡು ಬಾಗಿಲು ದಾಟಿ, ಅಂದು ನಾವು ಅವಳ ಮಂಚ ಇಳಿಸಿದ್ದ ವರಾಂಡದವರೆಗೆ ಹೋದಳು. ಬೇವಿನ ಮರದ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹಿಂದಿರುಗಿ, "ಅಜ್ಜಿ, ಬಾ, ಬಸ್ಸು ಹೋಗ್ತೈತಿ," ಎಂದಳು.

ಅಜ್ಜಿ ರೂಢಿಯಂತೆ ಎತ್ತಿಕೊಳ್ಳಲು ಎರಡೂ ಕೈ ಚಾಚಿ ನಾಲ್ಕು ಹೆಜ್ಜೆ ಓಡಿದವಳು ನಡುವೆಯೇ ನಿಂತಳು. ಮೊಮ್ಮಗಳು ಆಗಲೇ ಮೆಟ್ಟಿಲಿನ ಹತ್ತಿರ ಇದ್ದಳು. ಅಷ್ಟು ತಿಂಗಳು ಹೊತ್ತ ಆ ಕೈಗಳನ್ನು ಎಲ್ಲಿಡಬೇಕೆಂದು ಅಜ್ಜಿಗೆ ತಿಳಿಯಲಿಲ್ಲ.